ಡಿಪಿಎಫ್ ಕೊರೆಸುವ ಮೊದಲು ಆ ಎರಡು ರಬ್ಬರ್ ಪೈಪು ನೋಡಿ

ತೀರ್ಥಹಳ್ಳಿ ಕಡೆಯ ಒಂದು ಬಿಎಸ್6 ಡೀಸೆಲ್ ಕಾರಿಗೆ ಆದ ಗತಿ ಇದು. ತೋಟದ ಮನೆಯಿಂದ ಪೇಟೆಗೆ 4 ಕಿ.ಮೀ., ವಾಪಸ್ 4 ಕಿ.ಮೀ. ಮಳೆಗಾಲ ಪೂರ್ತಿ ಅಷ್ಟೇ ಓಡಾಟ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿದಿಡುವ ಫಿಲ್ಟರ್) ದೀಪ ಹತ್ತಿತು. ಗ್ಯಾರೇಜಿನಲ್ಲಿ ‘ಸೈಲೆನ್ಸರ್ ಕಟ್ಟಿಕೊಂಡಿದೆ’ ಎಂದು ಫಿಲ್ಟರ್ ಬಿಚ್ಚಿ, ವಾಟರ್ ಸರ್ವೀಸಿನ ಗನ್ನಿನಿಂದಲೇ ನೀರು ಹೊಡೆದರು. ಒಳಗಿದ್ದ ಜೇನುಗೂಡಿನಂಥ ಸೆರಾಮಿಕ್ ಬಿರುಕು ಬಿಟ್ಟಿತು. ದೀಪ ಮಾತ್ರ ಆರಲಿಲ್ಲ. ‘ಕೊರೆದು ಖಾಲಿ ಮಾಡಿಬಿಡೋಣ ಸಾರ್’ ಅಂದರು. ಬೇರೆ ಕಡೆ ಸ್ಕ್ಯಾನರ್ ಹಾಕಿದಾಗ ಗೊತ್ತಾದದ್ದು, ಪ್ರೆಷರ್ ಸೆನ್ಸರಿಗೆ ಹೋಗುವ ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ನೂರಾರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ ಹೊಸ ಫಿಲ್ಟರಿಗೆ ಬಂದು ನಿಂತಿತು.

ಆ ಸೆನ್ಸರಿಗೆ ಎರಡು ಪೈಪುಗಳು, ಒಂದು ಫಿಲ್ಟರಿನ ಮುಂದಿನಿಂದ, ಇನ್ನೊಂದು ಹಿಂದಿನಿಂದ. ಎರಡೂ ಕಡೆಯ ಒತ್ತಡದ ವ್ಯತ್ಯಾಸ ನೋಡಿಯೇ ಎಷ್ಟು ಮಸಿ ತುಂಬಿದೆ ಎಂದು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅಂದಾಜಿಸುವುದು. ಪೈಪು ಸೀಳಿದ್ದರೆ ಲೆಕ್ಕ ತಪ್ಪುತ್ತದೆ, ಎಷ್ಟೋ ಕಾರುಗಳಲ್ಲಿ ರೀಜನರೇಶನ್ನೇ (ತುಂಬಿದ ಮಸಿಯನ್ನು ಕಾರೇ ಸುಟ್ಟುಕೊಳ್ಳುವ ಕೆಲಸ) ನಿಂತುಹೋಗುತ್ತದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರಿನಲ್ಲಿ ನೋಡಿದರೆ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇಲ್ಲದಿದ್ದರೆ ಮೊದಲ ಅನುಮಾನ ಸೆನ್ಸರಿನ ಮೇಲಿರಲಿ. ಇದು ಸರಿಯಿದ್ದ ಮೇಲೆ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವಾಲ್ವ್), ಸೋರುವ ಇಂಜೆಕ್ಟರ್, ಆಯಿಲ್ ಬಿಡುವ ಟರ್ಬೊ ನೋಡಬೇಕು. ಮಸಿ ಹುಟ್ಟುವ ಜಾಗ ಬಿಟ್ಟು ಫಿಲ್ಟರನ್ನಷ್ಟೇ ತೊಳೆದರೆ ಮತ್ತೆ ಕಟ್ಟುತ್ತದೆ.

ಮಸಿ ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕಾಗಿ ಇಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ದಾರಿ ಮಧ್ಯೆ ಆಫ್ ಮಾಡಿದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಹೀಗೇ ಮತ್ತೆ ಮತ್ತೆ ಆದರೆ ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತು ದಾಟಿ, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ, ಆಯಿಲ್ ಬದಲಿಸಿ. ಆಯಿಲ್ ಕಡಿಮೆಯಾಗುವುದನ್ನು ನೋಡುವ ಅಭ್ಯಾಸ ನಮಗಿದೆ, ಏರುವುದನ್ನು ನೋಡುವುದು ಕಡಿಮೆ.

ದೀಪ ಹತ್ತಿ, ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ, ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು ಶಿವಮೊಗ್ಗ–ಭದ್ರಾವತಿ ಹೆದ್ದಾರಿಯಂಥ ದಾರಿ ಹಿಡಿಯಿರಿ. ಇಂಜಿನ್ ಬಿಸಿಯಾದ ಮೇಲೆ 60 ಕಿ.ಮೀ. ವೇಗದ ಮೇಲೆ, ಒಂದು ಗೇರ್ ಕೆಳಗೇ ಇಟ್ಟು, 2,000 ಆರ್‌ಪಿಎಂ ದಾಟಿಸಿ 15ರಿಂದ 20 ನಿಮಿಷ ಬಿಡದೆ ಓಡಿಸಿ. ಆಗುಂಬೆ ಘಾಟಿ ಇಳಿಯುವುದು ಇದಕ್ಕೆ ನಡೆಯುವುದಿಲ್ಲ. ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಹೊಗೆಯ ಬಿಸಿಯೇ ಇಳಿದುಹೋಗುತ್ತದೆ. ದೀಪ ಮಿನುಗುತ್ತಿದ್ದರೆ ಅಥವಾ ಪಿಕಪ್ ಸತ್ತಿದ್ದರೆ ಈ ಉಪಾಯ ಬೇಡ, ಸ್ಕ್ಯಾನರ್ ಇರುವ ಕಡೆ ಕೊಂಡೊಯ್ಯಿರಿ.

ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದು ಸುಟ್ಟ ವಾಸನೆ ಬಂದರೆ ರೀಜನರೇಶನ್ ನಡೆಯುತ್ತಿದೆ ಎಂದು ತಿಳಿಯಿರಿ. ಆಗ ದರಗಿನ ಮೇಲೆ, ಅಡಿಕೆ ಸಿಪ್ಪೆಯ ರಾಶಿಯ ಹತ್ತಿರ, ಹುಲ್ಲಿನ ಬಣವೆಯ ಪಕ್ಕ ಕಾರು ನಿಲ್ಲಿಸಬೇಡಿ. ಬೆಂಕಿ ಹತ್ತೀತು.

ಆಯಿಲ್ ಮ್ಯಾನ್ಯುಯಲ್‌ನಲ್ಲಿ ಬರೆದ ದರ್ಜೆಯದೇ ಇರಲಿ, ಹೆಚ್ಚಿನವಕ್ಕೆ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಗೊತ್ತುಮಾಡಿದ, ಬೂದಿ ಕಡಿಮೆ ಬಿಡುವ ಸಿ2 ಅಥವಾ ಸಿ3. ಬೇರೆ ಆಯಿಲ್ ಉರಿದಾಗ ಬೂದಿ ಹೆಚ್ಚು ಉಳಿಯುತ್ತದೆ. ಮಸಿಯ ಹಾಗೆ ಬೂದಿ ಸುಟ್ಟು ಹೋಗುವುದಿಲ್ಲ.

ಇನ್ನು ಕೊರೆಸುವ ವಿಚಾರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರಚನೆ ಬದಲಿಸಲು ಬಿಡುವುದಿಲ್ಲ. ಅದಿರಲಿ, ಅಂಗಳದಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸಿದಾಗ ಆ ಮಸಿ ಮೊದಲು ಹೋಗುವುದು ಮನೆಯವರ ಎದೆಗೂಡಿಗೇ.

ಸೆಕೆಂಡ್ ಹ್ಯಾಂಡ್ ಬಿಎಸ್6 ಡೀಸೆಲ್ ಕಾರು ನೋಡಲು ಹೋಗುವವರು ಒಂದು ಬಿಳಿ ಬಟ್ಟೆ ಒಯ್ಯಿರಿ. ಇಂಜಿನ್ ತಣ್ಣಗಿರುವಾಗ ಸೈಲೆನ್ಸರಿನ ತುದಿಯ ಒಳಗೆ ಒರೆಸಿ. ಫಿಲ್ಟರ್ ಸರಿಯಿದ್ದರೆ ಬಟ್ಟೆಗೆ ಹತ್ತುವುದು ಕಡಿಮೆ. ಕಾಡಿಗೆಯಂತೆ ಕಪ್ಪಾದರೆ ಒಳಗಿನದು ಒಡೆದಿದೆ, ಇಲ್ಲವೇ ಯಾರೋ ಆಗಲೇ ಕೊರೆಸಿದ್ದಾರೆ.