ಮಗಳ ಕಣ್ಣೀರಿನ ಕೊಳವೆಯ ಆಪರೇಷನ್: ಡಾಕ್ಟರಮ್ಮನಿಗೆ ಪೂರ್ತಿ ಅಂಕ, ಕಾಯಿಸಿದವರಿಗೆ ಅರ್ಧ

ಮಗಳ ಎಡಗಣ್ಣು ಹುಟ್ಟಿದ ಎರಡನೇ ವಾರದಿಂದಲೇ ಸೋರುತ್ತಿತ್ತು. ಅತ್ತಲ್ಲ, ಸುಮ್ನೆ. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸಿದ ಮೇಲೇ ಆ ಕಣ್ಣಿಗೆ ಬೆಳಗಾಗುತ್ತಿದ್ದದ್ದು.

ನಾವು ಹೋದ ಮಕ್ಕಳ ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಮೊದಲ ದಿನವೇ "ಈಗ ಆಪರೇಷನ್ ಬೇಡ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಅಲ್ಲಿ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾಳಾ, ಕರಿಗುಡ್ಡೆ ದೊಡ್ಡದಾಗಿ ಕಾಣುತ್ತಾ ಅಂತ ಕೇಳಿ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಅಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಎರಡೂ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ 5 ನಿಮಿಷ ಕಾದರು. ಬಲಗಣ್ಣಿನ ಬಣ್ಣ ಇಳಿದು ಹೋಯಿತು, ಎಡಗಣ್ಣಿನದು ಕೆರೆಯ ಹಾಗೆ ನಿಂತೇ ಇತ್ತು. ಕಣ್ಣೀರು ಮೂಗಿಗೆ ಇಳಿಯುವ ಕೊಳವೆಯ ಕೆಳತುದಿಯಲ್ಲಿ ಒಂದು ತೆಳು ಪೊರೆ ಇರುತ್ತದಂತೆ. ಹುಟ್ಟುವ ಹೊತ್ತಿಗೆ ಅದು ತೆರೆದುಕೊಳ್ಳಬೇಕು, ಕೆಲವು ಮಕ್ಕಳಲ್ಲಿ ಹಾಗೇ ಉಳಿಯುತ್ತದೆ. 10 ಮಕ್ಕಳಲ್ಲಿ ಸುಮಾರು 9 ಮಕ್ಕಳಿಗೆ ವರ್ಷ ತುಂಬುವುದರೊಳಗೆ ತಾನಾಗೇ ಸರಿಹೋಗುತ್ತದೆ.

ಅಲ್ಲಿಯವರೆಗೆ ಮಸಾಜ್. ನಾನು ಅದುವರೆಗೆ ಮೂಗನ್ನು ಮೆತ್ತಗೆ ಸವರುತ್ತಿದ್ದೆ, ಅಷ್ಟೇ. ಅವರು ನನ್ನ ಬೆರಳು ಹಿಡಿದು ನನ್ನದೇ ಕಣ್ಣಿನ ಒಳಮೂಲೆಯಲ್ಲಿ ಇಟ್ಟು, ಒತ್ತಿ ಕೆಳಕ್ಕೆ ಎಳೆದರು. ಎಷ್ಟು ಒತ್ತಬೇಕು ಅನ್ನೋದು ಆಗ ಗೊತ್ತಾಯಿತು. ಉಗುರು ಕತ್ತರಿಸಿಕೊಂಡಿರಿ, ಕೈ ತೊಳೆದುಕೊಳ್ಳಿ, ಮೂಗಿನ ಪಕ್ಕ ಕೆಂಪಗೆ ಊದಿದರೆ ಅಥವಾ ಜ್ವರ ಬಂದರೆ ಅವತ್ತೇ ಬನ್ನಿ ಅಂದರು.

ನಮ್ಮವಳು ಆ ಹತ್ತನೆಯ ಮಗು. 14 ತಿಂಗಳಿಗೆ ಪ್ರೋಬಿಂಗ್, ಅಂದರೆ ಸಣ್ಣ ತಂತಿ ಇಳಿಸಿ ಆ ಪೊರೆ ತೆರೆಯುವ ಆಪರೇಷನ್, ನಿಗದಿಯಾಯಿತು.

ಈಗ ನನ್ನ ಸಿಟ್ಟಿನ ಭಾಗ. ಹಿಂದಿನ ದಿನ ಫೋನ್ ಮಾಡಿದವರು "ರಾತ್ರಿ 12ರ ಮೇಲೆ ಏನೂ ಕೊಡಬೇಡಿ" ಅಂದರು. ಸರದಿ ಬಂದದ್ದು ಬೆಳಿಗ್ಗೆ 11ಕ್ಕೆ. ಅಷ್ಟು ಹೊತ್ತು ಅವಳು ನನ್ನ ಕುಪ್ಪಸ ಎಳೆದೆಳೆದು ಅತ್ತಳು. ಅವಳಿಗಿಂತ ದೊಡ್ಡ ಇಬ್ಬರು ಮಕ್ಕಳನ್ನು ಮೊದಲು ಒಳಗೆ ಕರೆದರು. ಆಮೇಲೆ ಅರಿವಳಿಕೆ ಡಾಕ್ಟರ್ ಹೇಳಿದ್ದು: ಊಟ, ಪುಡಿಹಾಲು 6 ಗಂಟೆ ಮೊದಲು ನಿಲ್ಲಿಸಬೇಕು, ಆದರೆ ಎದೆಹಾಲು 4 ಗಂಟೆ ಮೊದಲಿನವರೆಗೂ, ನೀರು 2 ಗಂಟೆ ಮೊದಲಿನವರೆಗೂ ಕೊಡಬಹುದಿತ್ತು. ಇದನ್ನು ಫೋನಿನಲ್ಲೇ ಹೇಳೋಕೆ ಏನಾಗಿತ್ತು?

ಆಪರೇಷನ್ ಬಗ್ಗೆ ಹೇಳೋದು ಕಡಿಮೆ. ಮಾಸ್ಕ್ ಇಟ್ಟು ನಿದ್ದೆ ಬರುವವರೆಗೆ ನನ್ನ ತೊಡೆಯ ಮೇಲೇ ಇದ್ದಳು. ರೆಪ್ಪೆಯ ಅಂಚಿನಲ್ಲಿರುವ ಪುಟ್ಟ ತೂತಿನಿಂದ ಮೊಂಡು ತುದಿಯ ಸಣ್ಣ ತಂತಿ ಇಳಿಸಿ ಪೊರೆ ತೆರೆಯುತ್ತಾರೆ. ಆಮೇಲೆ ಬಣ್ಣದ ನೀರು ಬಿಟ್ಟು, ಅದು ಮೂಗಿನೊಳಗೆ ಬಂತಾ ಅಂತ ನೋಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಕಣ್ಣಿಗೆ ಪಟ್ಟಿಯೂ ಇಲ್ಲ. ಒಳಗೆ ಹೋದವಳು ಅರ್ಧ ಗಂಟೆಯೊಳಗೆ ಹೊರಗೆ ಬಂದಳು, ಕಿರುಚುತ್ತಾ. ಹಾಲು ಸಿಕ್ಕ ಮೇಲೆ ಸುಮ್ಮನಾದಳು. ಮಾರನೇ ದಿನ ಸೀನಿದಾಗ ಸಿಂಬಳದಲ್ಲಿ ರಕ್ತದ ಗೆರೆ. ನರ್ಸ್ ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ.

ಪಕ್ಕದ ಹಾಸಿಗೆಯಲ್ಲಿ 3 ವರ್ಷದ ಹುಡುಗ ಇದ್ದ. ಅವನಿಗೆ ಪ್ರೋಬಿಂಗ್ ಒಂದು ಸಲ ಆಗಿಯೂ ಕಣ್ಣು ಸೋರುವುದು ನಿಂತಿರಲಿಲ್ಲ. ಈ ಸಲ ಕೊಳವೆಯೊಳಗೆ ಸಿಲಿಕೋನ್ ಎಳೆ ಕೂರಿಸುವವರಿದ್ದರು, ಕೆಲವು ತಿಂಗಳು ಬಿಟ್ಟು ತೆಗೆಯುತ್ತಾರಂತೆ. "ಅಷ್ಟು ದಿನ ಇವನು ಅದನ್ನು ಎಳೆಯದೆ ಇರಬೇಕಲ್ಲ" ಅಂತ ಅವರಮ್ಮ ನಗುತ್ತಲೇ ಹೇಳಿದರು. ನಗು ಪೂರ್ತಿ ಬರಲಿಲ್ಲ.

ಮೂರು ವಾರಕ್ಕೆ ಮಗಳಿಗೆ ಶೀತ ಆಯಿತು, ಕಣ್ಣು ಮತ್ತೆ ಸೋರಿತು. ಎಲ್ಲಾ ನೀರಲ್ಲಿ ಹೋಮ ಅಂದುಕೊಂಡೆ. ಆಸ್ಪತ್ರೆಗೆ ನಾಲ್ಕು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ತಪಾಸಣೆ ದಿನ ಡಾಕ್ಟರಮ್ಮ ಅದೇ ಹಳದಿ ಹನಿ ಹಾಕಿದರು. 5 ನಿಮಿಷಕ್ಕೆ ಎರಡೂ ಕಣ್ಣು ಖಾಲಿ. ಶೀತದಲ್ಲಿ ಮೂಗಿನ ಒಳಗೆ ಊದಿಕೊಂಡರೆ ಹೀಗಾಗುತ್ತದಂತೆ. ಇದನ್ನಾದರೂ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಇನ್ನೊಂದು ಮಗುವಿಗೆ ಬೇಕಾದರೂ ಅದೇ ಡಾಕ್ಟರಮ್ಮನ ಹತ್ತಿರವೇ ಹೋಗುತ್ತೇನೆ. ಹಾಲು ನಿಲ್ಲಿಸುವ ಗಂಟೆ ಮಾತ್ರ ಅರಿವಳಿಕೆ ಡಾಕ್ಟರನ್ನೇ ಕೇಳಿ ಬರೆದುಕೊಳ್ಳುತ್ತೇನೆ.