ಬಳ್ಳಾರಿ–ಕೊಪ್ಪಳದವರ ರಜೆಗೆ ಯಾವ ನಡಿಗೆ? ಹಿರೇಬೆಣಕಲ್ ಗುಡ್ಡದಿಂದ ಗೋಕರ್ಣದ ದಂಡೆಯವರೆಗೆ

ಒಂದೇ ದಿನ ರಜೆ ಇದ್ದರೆ ಹಿರೇಬೆಣಕಲ್. ಮೂರು ದಿನ ಸಿಕ್ಕರೆ, ಅದೂ ಡಿಸೆಂಬರ್–ಜನವರಿಯಲ್ಲಿ ಸಿಕ್ಕರೆ, ಗೋಕರ್ಣ. ಮಳೆ ಹಿಡಿದ ಮೇಲೆ ಸಂಡೂರು. ಮನೆಗೆ ಬೀಗರು ಬಂದಿದ್ದಾರೆ, ಜೊತೆಗೆ ವಯಸ್ಸಾದವರೂ ಮಕ್ಕಳೂ ಇದ್ದಾರೆ ಎಂದರೆ ಆನೆಗುಂದಿ. ತೀರ್ಪು ಇಷ್ಟೇ, ಉಳಿದದ್ದು ಯಾಕೆ ಎಂಬುದರ ಲೆಕ್ಕ. ನಮ್ಮ ಭಾಗದಲ್ಲಿ ನಡಿಗೆಯ ದಾರಿಯನ್ನು ಫೋಟೊ ನೋಡಿ ಆರಿಸಿದರೆ ಕೆಟ್ಟಿತು. ತಿಂಗಳು ಯಾವುದು, ಹೊರಡುವ ಹೊತ್ತು ಎಷ್ಟು, ನೀರು ಎಲ್ಲಿ ಸಿಗುತ್ತದೆ, ಇವನ್ನು ಮೊದಲು ಕೇಳಬೇಕು.

ಗಂಗಾವತಿಯಿಂದ ಕೊಪ್ಪಳದ ದಾರಿಯಲ್ಲಿ ಹತ್ತು ಕಿ.ಮೀ. ಆಸುಪಾಸಿಗೆ ಹಿರೇಬೆಣಕಲ್ ಊರು. ಊರು ದಾಟಿದರೆ ಗುಡ್ಡದ ಬುಡ. ಅಲ್ಲಿಂದ ಮೇಲಿನ ‘ಮೋರೇರ ಮನೆ’ಗಳವರೆಗೆ (ಹಳೆಯ ಶಿಲಾಸಮಾಧಿಗಳಿಗೆ ಇಲ್ಲಿನವರ ಹೆಸರು) ಆರಾಮಾಗಿ ಹತ್ತಿದರೆ ಒಂದು ತಾಸು, ಮಕ್ಕಳಿದ್ದರೆ ಒಂದೂವರೆ. ಬೆಳಿಗ್ಗೆ ಆರೂವರೆಗೆ ಬುಡದಲ್ಲಿದ್ದರೆ ಎಂಟಕ್ಕೆ ಮೇಲಿರುತ್ತೀರಿ. ಎರಡು ತಾಸು ನೋಡಿ ಹನ್ನೊಂದರೊಳಗೆ ಇಳಿದುಬಿಡಬಹುದು. ಹನ್ನೊಂದರ ಗಡುವು ಸುಮ್ಮನೆ ಹೇಳಿದ್ದಲ್ಲ. ಬೆಳಗಿನಿಂದ ಬಿಸಿಲು ಕುಡಿದ ಬಂಡೆ ಆ ಹೊತ್ತಿಗೆ ಕೆಳಗಿನಿಂದಲೂ ಕಾವು ಬಿಡಲು ಶುರುಮಾಡುತ್ತದೆ. ತಲೆಗೆ ಟವೆಲ್ ಸುತ್ತಿಕೊಳ್ಳಬಹುದು, ಅಂಗಾಲಿನ ಕಾವಿಗೆ ಏನು ಸುತ್ತುತ್ತೀರಿ?

ಮೇಲೆ ಇರುವುದು ಸುಮಾರು 400 ಶಿಲಾಸಮಾಧಿಗಳು. ಚಪ್ಪಡಿಗಳನ್ನು ಸುತ್ತ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಆಳೆತ್ತರ ಮೀರಿದವೂ ಇವೆ. ಕೆಲವು ಗೋಡೆಗಳಲ್ಲಿ ದುಂಡನೆಯ ಒಂದು ಕಿಂಡಿ. ಬಗ್ಗಿ ಆ ಕಿಂಡಿಯ ಅಂಚನ್ನು ನೋಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣಯುಗದ ಜನ ಇಷ್ಟು ಗಟ್ಟಿ ಕಲ್ಲಿನಲ್ಲಿ ಅಷ್ಟು ದುಂಡಗೆ ತೂತು ತೆಗೆದಿದ್ದಾರೆ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಈ ಜಾಗ 2021ರಲ್ಲಿ ಸೇರಿತು. ಆದರೂ ಅಂಜನಾದ್ರಿಗೆ ಹೋಗುವ ಜನರಲ್ಲಿ ನೂರಕ್ಕೊಬ್ಬರು ಇಲ್ಲಿಗೆ ಬಂದರೆ ಹೆಚ್ಚು. ಎತ್ತರದ ಬಂಡೆಯ ಮೇಲೆ ನಗಾರಿಯಂಥ ಒಂದು ದೊಡ್ಡ ಕಲ್ಲಿದೆ, ಬಡಿದರೆ ದೂರದವರೆಗೆ ಕೇಳುತ್ತದೆ. ಬಂದವರೆಲ್ಲ ಸಣ್ಣ ಕಲ್ಲು ತಗೊಂಡು ಕುಟ್ಟುತ್ತಾರೆ, ಕುಟ್ಟಿದಲ್ಲಿ ಚಕ್ಕೆ ಏಳುತ್ತದೆ. ದಯವಿಟ್ಟು ಅಂಗೈಯಿಂದ ತಟ್ಟಿ ಸುಮ್ಮನಾಗಿ.

ಇಲ್ಲಿ ಕೈಕೊಡುವುದು ಎರಡು ಕಡೆ. ಮೊದಲನೆಯದು ದಾರಿ. ಕುರಿ, ಆಡು ತುಳಿದ ಕಾಲುದಾರಿಗಳು ಹತ್ತಾರು ಕವಲೊಡೆಯುತ್ತವೆ, ಎಲ್ಲವೂ ನಿಜವಾದ ದಾರಿಯಂತೆಯೇ ಕಾಣುತ್ತವೆ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕೆಂಪು ಬಣ್ಣದ ಗವಿಚಿತ್ರಗಳನ್ನೂ ಅವರೇ ತೋರಿಸುತ್ತಾರೆ, ಅವರಿಲ್ಲದೆ ಅವು ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ಕಾಲು. ಒಣ ಬಂಡೆ ಜಾರುವುದಿಲ್ಲ, ಅದರ ಮೇಲೆ ಚೆಲ್ಲಿದ ಗರಸು ಜಾರಿಸುತ್ತದೆ. ಅದಕ್ಕೇ ಹತ್ತುವಾಗ ಬೀಳುವವರಿಗಿಂತ ಇಳಿಯುವಾಗ ಬೀಳುವವರು ಜಾಸ್ತಿ. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯ ಮೆತ್ತನೆ ಅಟ್ಟೆಯನ್ನು ಸೀದಾ ದಾಟಿ ಹಿಮ್ಮಡಿಗೆ ಇಳಿಯುತ್ತದೆ. ಗಟ್ಟಿ ಅಟ್ಟೆಯ ಬೂಟು ಬೇಕೇಬೇಕು. ತಲೆಗೆ ಮೂರು ಲೀಟರ್ ನೀರು. ಮೇಲಿನ ಹೊಂಡದ ನೀರು ನೋಡಲಿಕ್ಕೆ ಮಾತ್ರ. ಸಂಜೆ ಹತ್ತುವುದು ಬೇಡ, ಈ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಕರಡಿ ಗವಿಯಿಂದ ಹೊರಬೀಳುವುದು ಹೊತ್ತು ಇಳಿದ ಮೇಲೆ. ಹೊಳೆಯಾಚೆ ದರೋಜಿ ಕರಡಿಧಾಮದಲ್ಲಿ ಜನರನ್ನು ಮಧ್ಯಾಹ್ನದ ಮೇಲೆ ಬಿಡುವುದೂ ಇದೇ ಕಾರಣಕ್ಕೆ. ಗಂಗಾವತಿಯ ಒಗ್ಗಾಣಿ–ಮಿರ್ಚಿಯನ್ನು ಇಳಿದು ಬಂದ ಮೇಲೆ ತಿನ್ನಿ. ತಿಂದು ಹತ್ತಿದರೆ ಅರ್ಧ ಗುಡ್ಡದಲ್ಲಿ ಎದೆ ಉರಿ. ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಕಳೆದದ್ದು ನೆರಳಿಲ್ಲದ್ದಕ್ಕೆ.

ಆನೆಗುಂದಿಯದು ಸಪಾಟು ನಡಿಗೆ. ಗಗನ್ ಮಹಲ್, ರಂಗನಾಥ ಗುಡಿ ನೋಡಿಕೊಂಡು ಪಂಪಾಸರೋವರ, ಅಲ್ಲಿಂದ ಅಂಜನಾದ್ರಿಯ ಬುಡ ದಾಟಿ ಸಾಣಾಪುರ, ಒಟ್ಟು ಏಳೆಂಟು ಕಿ.ಮೀ. ಸಾಕೆನಿಸಿದಲ್ಲಿ ಆಟೊ ಹತ್ತಬಹುದು, ಅದಕ್ಕೇ ವಯಸ್ಸಾದವರಿಗೆ ಇದು. ಗದ್ದೆ ಹಸಿರಾಗಿರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಎರಡನೇ ಬೆಳೆಗೆ ಕಾಲುವೆ ಬಿಟ್ಟ ವರ್ಷ ಫೆಬ್ರುವರಿ–ಮಾರ್ಚ್‌ನಲ್ಲೂ ಹಸಿರು. ಕೊಯ್ಲಿನ ಹೊತ್ತಿಗೆ ಹೋದರೆ ಬರೀ ಕೂಳೆ, ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವುದು ಭಕ್ತಿಯ ಮಾತು, ಅದನ್ನು ನಡಿಗೆಯ ಲೆಕ್ಕಕ್ಕೆ ಹಿಡಿಯಬೇಡಿ. ಶನಿವಾರ, ಡಿಸೆಂಬರಿನ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಆ ರಸ್ತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಕೈಯಲ್ಲಿ ಬಾಳೆಹಣ್ಣಿನ ಕವರ್ ಹಿಡಿದರೆ ಅದು ಮಂಗನದು ಎಂದುಕೊಳ್ಳಿ.

ಹೊಳೆಯ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಇಲ್ಲಿ ಮಳೆ ಇಲ್ಲದಿದ್ದರೂ ಮೇಲೆ ತುಂಗಭದ್ರಾ ಡ್ಯಾಂನಿಂದ ನೀರು ಬಿಟ್ಟರೆ ಬಂಡೆಗಳ ಸಂದಿ ತುಂಬಿಕೊಳ್ಳುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದಾಗ ಹೊಳೆ ಹೇಗೆ ಬಂತೆಂಬುದು ಈ ಕಡೆಯವರಿಗೆ ಮರೆತಿಲ್ಲ. ನೀರು ಜಾಸ್ತಿ ಇದ್ದಾಗ ಹೊಳೆಯ ನಡುಗಡ್ಡೆಯಲ್ಲಿರುವ ನವವೃಂದಾವನಕ್ಕೆ (ಒಂಬತ್ತು ಯತಿಗಳ ಸಮಾಧಿಗಳಿರುವ ಜಾಗ) ಹೋಗುವುದೂ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊಳೆ ನಿಂತ ಹಾಗೆ ಕಾಣುತ್ತದೆ, ಬಂಡೆಗಳ ಕೆಳಗೆ ಗುಂಡಿಯೂ ಸೆಳವೂ ಇರುತ್ತವೆ. ಸಾಣಾಪುರ ಕೆರೆಯಲ್ಲಿ ಈಜು ಬೇಡವೇ ಬೇಡ. ಹರಿಗೋಲು ಹತ್ತುವವರು ಲೈಫ್ ಜಾಕೆಟ್ ಕೊಡದಿದ್ದರೆ ಇಳಿದುಬಿಡಿ. ಹಂಪಿ, ಆನೆಗುಂದಿ, ಸಾಣಾಪುರ ಮೂರನ್ನೂ ಒಂದೇ ದಿನ ತೋರಿಸುವ ಬಾಡಿಗೆ ಗಾಡಿಗಳಿವೆ. ಅದರಲ್ಲಿ ನಡಿಗೆ ಎಂಬುದು ಗಾಡಿಯಿಂದ ಸೆಲ್ಫಿಯ ಜಾಗಕ್ಕೆ, ಮತ್ತೆ ಗಾಡಿಗೆ.

ಸಂಡೂರಿನದು ಚಿಕ್ಕ ಮಾತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಮಂಜು, ಹಸಿರು ಎರಡೂ ಸಿಗುವ ಜಾಗ ಅದೊಂದೇ. ಕುಮಾರಸ್ವಾಮಿ ಗುಡಿಯ ಗುಡ್ಡ, ನಾರಿಹಳ್ಳದ ಕಣಿವೆ ಎರಡೂ ಚೆಂದ. ಕಾಡಿನೊಳಗಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಅದಿರು ಲಾರಿ ಓಡುವ ರಸ್ತೆಯ ಅಂಚಿನಲ್ಲಿ ನಡೆಯುವ ಯೋಚನೆ ಇದ್ದರೆ ಬಿಡಿ. ಮಳೆಗೆ ಕೆಂಪು ಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಸೇರು ತೂಗುತ್ತದೆ, ಬಿಳಿ ಬಟ್ಟೆ ಹಾಕಿದರೆ ಮನೆಯವರ ಬೈಗುಳ ಖಚಿತ. ನವೆಂಬರ್ ದಾಟಿದರೆ ಐದಕ್ಕೆ ಎರಡೂವರೆ, ಸೆಪ್ಟೆಂಬರ್‌ನಲ್ಲಿ ನಾಲ್ಕು.

ಇನ್ನು ಸಮುದ್ರ. ಗೋಕರ್ಣಕ್ಕೆ ಎರಡು ದಿನದ ರಜೆಯಲ್ಲಿ ಹೋಗುವವರು ಹುಬ್ಬಳ್ಳಿ ರಸ್ತೆಯನ್ನಷ್ಟೇ ನೋಡಿ ಬರುತ್ತಾರೆ. ಮೂರು ದಿನ ಬೇಕು, ನಡುವಿನ ದಿನ ಪೂರ್ತಿ ನಡಿಗೆಗೆ. ಊರಿನ ದಂಡೆಯಿಂದ ತೆಂಕಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಒಂದು ದಂಡೆಗೂ ಇನ್ನೊಂದಕ್ಕೂ ನಡುವೆ ಗುಡ್ಡದ ಮೂಗು ಸಮುದ್ರಕ್ಕೆ ಚಾಚಿಕೊಂಡಿದೆ, ಅದನ್ನು ಹತ್ತಿ ಇಳಿಯಬೇಕು. ಪ್ರತಿ ಹತ್ತಿಳಿತಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಬೆಳಿಗ್ಗೆಯೇ ಹೊರಡಿ. ದಂಡೆ ಪಡುವಣಕ್ಕೆ ಮುಖ ಮಾಡಿರುವುದರಿಂದ ಹಿಂದಿನ ಗುಡ್ಡದ ನೆರಳು ಒಂದಷ್ಟು ಹೊತ್ತು ಸಿಗುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಕಣ್ಣಿಗೆ.

ಬಯಲುಸೀಮೆಯವರು ಎಡವುವುದು ಮರಳಿನಲ್ಲಿ, ಕಲ್ಲಿನಲ್ಲಿ, ನೀರಿನಲ್ಲಿ. ಒಣ ಮರಳಲ್ಲಿ ಹೆಜ್ಜೆ ಹೂತು ಮೀನಖಂಡ ಹಿಡಿದುಕೊಳ್ಳುತ್ತದೆ. ಅಲೆ ಈಗಷ್ಟೇ ಬಿಟ್ಟು ಹೋದ ಒದ್ದೆ ಪಟ್ಟಿಯ ಮೇಲೆ ನಡೆಯಿರಿ, ಅದು ಸಿಮೆಂಟಿನ ಹಾಗೆ ಗಟ್ಟಿ. ಗುಡ್ಡದ ಅಂಚಿನ ಜಂಬಿಟ್ಟಿಗೆ ಕಲ್ಲು (ಕೆಂಪು ಮುರಕಲ್ಲು) ನಮ್ಮ ಬಂಡೆಯಂತಲ್ಲ, ತೂತು ತೂತಾಗಿ ಅಂಚಿನಲ್ಲಿ ಮುರಿದು ಉದುರುತ್ತದೆ. ತುದಿಗೆ ಹೋಗಿ ಫೋಟೊಕ್ಕೆ ನಿಲ್ಲಬೇಡಿ. ಹಾಫ್ ಮೂನ್‌ನಿಂದ ಮುಂದೆ ನೀರಿನ ಪಕ್ಕದ ಪಾಚಿಗಲ್ಲುಗಳನ್ನು ದಾಟಬೇಕು, ಅದನ್ನು ಇಳಿತದ ಹೊತ್ತಿಗೇ ಇಟ್ಟುಕೊಳ್ಳಿ. ಭರತ–ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಮೇಲೇರುತ್ತದೆ.

ಕಾಲುವೆಯಲ್ಲಿ ಈಜು ಕಲಿತವರೇ ಸಮುದ್ರದಲ್ಲಿ ಹೆಚ್ಚು ಮೋಸಹೋಗುವುದು. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಗೆ ಕಂಡರೆ ಅಲ್ಲೇ ಸೆಳವಿದೆ. ಸಿಕ್ಕಿಕೊಂಡರೆ ದಂಡೆಯ ಕಡೆ ಎದುರು ಈಜದೆ, ದಂಡೆಗೆ ಸಮನಾಗಿ ಅಡ್ಡ ಈಜಿ ಅದರಿಂದ ಹೊರಬೀಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆಯ ಹೆಸರೆತ್ತಬೇಡಿ. ಕಲ್ಲು ಜಾರುತ್ತದೆ, ದೋಣಿ ಇರುವುದಿಲ್ಲ, ಘಟ್ಟದ ರಸ್ತೆಯೂ ನಂಬಿಕೆಗಲ್ಲ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಚಳಿಗಾಲದಲ್ಲಿ ಪ್ಯಾರಡೈಸ್‌ನಿಂದ ವಾಪಸ್ ಬರಲು ದೋಣಿ ಸಿಗುತ್ತದೆ, ದರ ಹತ್ತುವ ಮೊದಲೇ ಮಾತಾಡಿ. ಸಂಜೆಯಾದಷ್ಟೂ ದರ ಏರುತ್ತದೆ, ಅಲ್ಲಿಂದ ಬೇರೆ ದಾರಿಯೆಂದರೆ ಬಂದ ಗುಡ್ಡಗಳನ್ನೇ ಮತ್ತೆ ಹತ್ತಿಳಿಯುವುದು. ರೈಲೇ ಬೇಕೆನ್ನುವವರು ಬಳ್ಳಾರಿ, ಹೊಸಪೇಟೆ ಅಥವಾ ಕೊಪ್ಪಳದಲ್ಲಿ ವಾಸ್ಕೊಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮಡಗಾಂವ್‌ನಲ್ಲಿ ಇಳಿದು, ಕೊಂಕಣ ರೈಲಿನಲ್ಲಿ ಗೋಕರ್ಣ ರೋಡ್‌ಗೆ ಬರಬಹುದು. ಸುತ್ತು ದಾರಿ, ಆದರೆ ಮಕ್ಕಳಿಗೆ ಘಟ್ಟದ ವಾಂತಿ ಇಲ್ಲ. ಬಸ್ಸಿನವರು ಹೋಗುವ ಸೀಟಿಗಿಂತ ಮೊದಲು ಬರುವ ಸೀಟು ಹಿಡಿಯಿರಿ. ಭಾನುವಾರ ರಾತ್ರಿ ಬಳ್ಳಾರಿಯ ಕಡೆಗೆ ನಿಂತುಕೊಂಡು ಬರುವುದು ಈ ನಾಲ್ಕೂ ನಡಿಗೆಗಿಂತ ಕಷ್ಟದ್ದು.