ಬಿಗ್ ಬಜಾರಾ, ಡಿಮಾರ್ಟಾ, ಇಲ್ಲ ಆ ವೋಚರ್ ಅಂಗಡಿನಾ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಡಿಮಾರ್ಟಿಗೆ, ಆಮೇಲೆ ಪಕ್ಷಪಾತ ಅಂತ ಬೈಬೇಡಿ. ತಿಂಗಳ ಸಾಮಾನಿಗೆ ನಮ್ಮನೇಲಿ ಎತ್ತಿಡೋದು ಎಂಟು ಸಾವಿರ, ಮನೇಲಿ ನಾಲ್ಕು ಜನ. ಬಿಗ್ ಬಜಾರ್ ಇದ್ದಷ್ಟು ದಿನ ಅಲ್ಲಿಗೆ ಹೋದ್ವಿ, ಆಮೇಲೆ ಡಿಮಾರ್ಟು, ಈಗ ಮೂರು ತಿಂಗಳಿಂದ ಮನೆ ಹತ್ರ ಇನ್ನೊಂದು ದೊಡ್ಡ ಅಂಗಡಿ ಬಂದಿದೆ, ಅದರ ಹೆಸರು ಬೇಡ. ಇದನ್ನ ಬರೀತಿರೋದೇ ಆ ಮೂರನೇದರಿಂದ.

5000ಕ್ಕೆ ತಗೊಂಡ್ರೆ 500 ವಾಪಸ್ ಅಂತ ಬೋರ್ಡ್ ಹಾಕಿದ್ರು. ವಾಪಸ್ ಅಂದ್ರೆ ದುಡ್ಡು ಅನ್ಕೊಂಡಿದ್ದು ನನ್ನ ದಡ್ಡತನ, ಕೊಟ್ಟಿದ್ದು ವೋಚರ್ರು, ಅದೂ 250ರದ್ದು ಎರಡು, ಒಂದು ಬಿಲ್ಲಿಗೆ ಒಂದೇ. ಸರಿ ಅಂತ ಶನಿವಾರ ಹೋದೆ, ಸೋಮವಾರದಿಂದ ಗುರುವಾರದ ತನಕ ಮಾತ್ರ ಮೇಡಂ ಅಂದ ಹುಡುಗ. ಬುಧವಾರ ಆಫೀಸಿಂದ ಬರ್ತಾ ಮತ್ತೆ ಹೋದೆ, ಬಿಲ್ಲು 1500 ದಾಟಬೇಕಂತೆ, ಅದ್ರಲ್ಲಿ ಅಕ್ಕಿ ಎಣ್ಣೆ ಸಕ್ಕರೆ ಲೆಕ್ಕಕ್ಕಿಲ್ಲವಂತೆ. ಅಕ್ಕಿ ಎಣ್ಣೆ ಸಕ್ಕರೆ ಬಿಟ್ಟು ಅಷ್ಟು ದುಡ್ಡಿಗೆ ಏನ್ ತಗೋಳ್ಳೋದು ಹೇಳಿ, ಒಂದು ಬೆಡ್‌ಶೀಟು, ಎರಡು ಪ್ಲಾಸ್ಟಿಕ್ ಡಬ್ಬ, ಮನೇಲಿ ಯಾರೂ ಮುಟ್ಟದ ಓಟ್ಸ್ ಬಿಸ್ಕತ್ತು, ಹೀಗೆ ಏನೇನೋ ತುಂಬ್ಕೊಂಡು ಕ್ಯೂ ನಿಂತೆ.

ಅಲ್ಲಿಗೂ ಮುಗೀಲಿಲ್ಲ. ವೋಚರ್ ಹಾಕೋಕೆ ಓಟಿಪಿ ಬೇಕು, ಓಟಿಪಿ ಹೋಗಿದ್ದು ನಮ್ಮನೆಯವ್ರ ಫೋನಿಗೆ, ಯಾಕಂದ್ರೆ ಮೊದಲ ಬಿಲ್ಲಲ್ಲಿ ಅವರ ನಂಬರ್ ಕೊಟ್ಟಿದ್ವಿ, ಅವರು ಮೀಟಿಂಗಲ್ಲಿ. ನನ್ನ ಹಿಂದೆ ಎಂಟು ಜನ, ಒಬ್ಬರು ಅಜ್ಜಿ ಅಂತೂ ಕೈಲಿದ್ದ ಸೋಪನ್ನ ಅಲ್ಲೇ ಇಟ್ಟು ಹೊರಟೇ ಹೋದ್ರು. ನಾಲ್ಕನೇ ಸಲ ಫೋನ್ ಮಾಡಿದಾಗ ಎತ್ತಿದ್ರು, ಅಷ್ಟರಲ್ಲಿ ಓಟಿಪಿ ಎಕ್ಸ್‌ಪೈರು. 250 ಉಳಿಸೋಕೆ 1560 ಖರ್ಚು, ಎರಡನೇ ವೋಚರ್ರು ಫ್ರಿಜ್ ಮೇಲೆ ಇದ್ದಲ್ಲೇ ಅವಧಿ ಮುಗಿಸ್ಕೊಂಡ್ತು. ಬೆಡ್‌ಶೀಟು ಮೊದಲ ಒಗೆತಕ್ಕೇ ಬಣ್ಣ ಬಿಡ್ತು, ಅದು ಬೇರೆ ಕಥೆ.

ಡಿಮಾರ್ಟಲ್ಲಿ ನಂಗೆ ಈ ತಲೆನೋವೇ ಇಲ್ಲ. ಎಮ್‌ಆರ್‌ಪಿ ಇಷ್ಟು, ನಮ್ಮ ರೇಟು ಇಷ್ಟು, ಬೇಕಾದ್ರೆ ತಗೋ. ಹೆಂಗೆ ಗಿಟ್ಟುತ್ತೆ ಇವರಿಗೆ ಅಂತ ಕುತೂಹಲಕ್ಕೆ ಓದ್ಕೊಂಡೆ. ಡಿಮಾರ್ಟ್ ಶುರು ಮಾಡಿದ್ದು ರಾಧಾಕಿಶನ್ ದಮಾನಿ ಅಂತ, ಶೇರು ಮಾರ್ಕೆಟ್ಟಿನ ದೊಡ್ಡ ಕುಳ, ಯಾವಾಗ್ಲೂ ಬಿಳಿ ಬಟ್ಟೆ. ಮೊದಲು ನವಿ ಮುಂಬೈನ ನೆರೂಲಲ್ಲಿ ಅಪ್ನಾ ಬಜಾರ್ ಅನ್ನೋ ಸಹಕಾರಿ ಅಂಗಡಿ ಫ್ರಾಂಚೈಸಿ ತಗೊಂಡು ವ್ಯಾಪಾರ ಕಲಿತು, 2002ರಲ್ಲಿ ಪೊವಾಯಿಯಲ್ಲಿ ಸ್ವಂತದ್ದು ತೆಗೆದ್ರು. ಅಮೆರಿಕದ ವಾಲ್‌ಮಾರ್ಟ್ ಶುರು ಮಾಡಿದ ಸ್ಯಾಮ್ ವಾಲ್ಟನ್ ಕೂಡ ಹಿಂಗೇ, ಮೊದಲು ಬೆನ್ ಫ್ರಾಂಕ್ಲಿನ್ ಅನ್ನೋ ಅಂಗಡಿ ಫ್ರಾಂಚೈಸಿ, 1962ರಲ್ಲಿ ಅರ್ಕನ್ಸಾದ ರೋಜರ್ಸಲ್ಲಿ ತನ್ನದು. ಬೇರೆಯವರ ಗಲ್ಲಾ ಮೇಲೆ ಕೂತು ಕಲಿತವರು ಇಬ್ಬರೂ.

ಡಿಮಾರ್ಟಿನ ಗುಟ್ಟು ಎರಡೇ. ಆದಷ್ಟೂ ಬಿಲ್ಡಿಂಗ್ ಸ್ವಂತದ್ದು, ಹಂಗಾಗಿ ತಿಂಗಳಾದ್ರೆ ಬಾಡಿಗೆ ಚಿಂತೆ ಇಲ್ಲ. ಇನ್ನೊಂದು, ಮಾಲು ಕೊಟ್ಟ ಕಂಪನಿಗೆ ಬೇಗ ದುಡ್ಡು ಕೊಡ್ತಾರೆ, ಅದಕ್ಕೆ ಅವರೂ ರೇಟು ಇಳಿಸ್ತಾರೆ. ಸ್ವಂತ ಜಾಗ ಅಂದ್ಮೇಲೆ ಬೆಳೆಯೋದು ನಿಧಾನ, 2017ರಲ್ಲಿ ಐಪಿಒ ಬಂದಾಗ್ಲೂ, ಅಂದ್ರೆ ಮೊದಲ ಸಲ ಜನಕ್ಕೆ ಶೇರು ಮಾರಿದಾಗ್ಲೂ, 120ರ ಆಸುಪಾಸು ಅಂಗಡಿ ಅಷ್ಟೇ. 299ರ ಶೇರು ಮೊದಲ ದಿನವೇ ಡಬಲ್ ದಾಟ್ತು. ನಾನು ಅಪ್ಲಿಕೇಶನ್ ಹಾಕಿರ್ಲಿಲ್ಲ, ಬಿಡಿ.

ಬಿಗ್ ಬಜಾರ್ ಇದರ ಉಲ್ಟಾ, ಆದ್ರೂ ಮನಸ್ಸಿಗೆ ಹತ್ರ. 2001ರಲ್ಲಿ ಕಿಶೋರ್ ಬಿಯಾನಿ ಶುರು ಮಾಡಿದ ಮೊದಲ ಕೆಲವು ಅಂಗಡೀಲಿ ಬೆಂಗಳೂರಿನದ್ದೂ ಒಂದು. ಖಾಲಿ ಖಾಲಿ ಅಂಗಡಿ ನಮ್ಮ ಜನಕ್ಕೆ ಹೆದರಿಕೆ ತರುತ್ತೆ ಅಂತ ಬೇಕಂತಲೇ ಸಂತೆ ಥರ ಗಿಜಿಗುಡೋ ಹಾಗೆ ಇಟ್ಟಿದ್ರು, ಅಕ್ಕಿ ಬೇಳೆ ಕೈ ಹಾಕಿ ನೋಡ್ಬಹುದಿತ್ತು. ನಮ್ಮಮ್ಮ ಎರಡು ಕಾಳು ಬಾಯಿಗೆ ಹಾಕಿ ಕಡಿದು ನೋಡ್ದೇ ಅಕ್ಕಿ ತಗೊಂಡೋರೇ ಅಲ್ಲ. ಹಳೇ ಪೇಪರ್ರು, ಹರಿದ ಬಟ್ಟೆ ತೂಕಕ್ಕೆ ಹಾಕಿ ಕೂಪನ್ ತಗೊಳ್ಳೋ ಸ್ಕೀಮು ಬಂದಾಗ ನಮ್ಮ ಅಟ್ಟ ಒಂದೇ ವಾರದಲ್ಲಿ ಖಾಲಿ. 2006ರ ಜನವರಿ 26ಕ್ಕೆ ವರ್ಷದ ಅತಿ ಅಗ್ಗದ ದಿನ ಅಂತ ಮಾಡಿದಾಗ ಜನ ತಡೆಯೋಕಾಗದೆ ಕೆಲವು ಕಡೆ ಷಟರ್ ಎಳೀಬೇಕಾಯ್ತು. ಹೂಂ, ಕೂಪನ್ ಅಲ್ಲೂ ಇತ್ತು, ಆದ್ರೆ ಕಾಗದದ್ದು, ಅಮ್ಮನ ಪರ್ಸಲ್ಲಿ ಭದ್ರ, ಓಟಿಪಿ ಕಾಟ ಇರ್ಲಿಲ್ಲ.

ಅದು ಮುಗಿದಿದ್ದೂ ಸಾಲ ಬಾಡಿಗೆಯಿಂದಲೇ. ಕೊರೊನಾ ಬಂತು, 2020ರ ಆಗಸ್ಟಲ್ಲಿ ರಿಲಯನ್ಸಿಗೆ 24,713 ಕೋಟಿಗೆ ಮಾರ್ತೀವಿ ಅಂದ್ರು, ಬಿಯಾನಿಯ ಇನ್ನೊಂದು ಕಂಪನೀಲಿ ಮೊದಲೇ ದುಡ್ಡು ಹಾಕಿದ್ದ ಅಮೆಜಾನ್ ಕೋರ್ಟಿಗೆ ಎಳೀತು. ಆ ಜಗಳ ನಡೀತಿರೋವಾಗ್ಲೇ ಬಾಡಿಗೆ ಕಟ್ಟೋಕಾಗದ ಎಷ್ಟೋ ಅಂಗಡಿಗಳ ಕರಾರು ರಿಲಯನ್ಸ್ ಹೆಸರಿಗೆ ಹೋಗಿತ್ತು, 2022ರ ಫೆಬ್ರವರೀಲಿ ಅವರು ಬಂದು ಬೀಗ ತಗೊಂಡ್ರು. ಹದಿನೈದು ವರ್ಷ ಬಾಡಿಗೆ ಮನೇಲಿರೋ ನಂಗೆ ಇದು ಓದಿ ಹೊಟ್ಟೆ ಚುರುಕ್ ಅಂತು.

ರುಚಿ, ಪ್ಯಾಕಿಂಗು, ಪಾರ್ಕಿಂಗು ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಬಟ್ಟೆ ಮಾತ್ರ ಇಂಥ ಕಡೆ ನಾನು ತಗೊಳ್ಳಲ್ಲ. ಭಾನುವಾರ ಸಂಜೆ ಯಾವ ದೊಡ್ಡ ಅಂಗಡಿ ಕಡೆಗೂ ತಲೆ ಹಾಕ್ಬೇಡಿ.

ಈಗ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ರಜೆ ಹಾಕಿ ಡಿಮಾರ್ಟಿಗೆ ಹೋಗ್ತೀನಿ, ಚೀಟಿ ಬರ್ಕೊಂಡು, ಎರಡು ಬ್ಯಾಗ್ ಹಿಡ್ಕೊಂಡು, ಆಟೋಗೆ 80 ರೂಪಾಯಿ. ಕಾಫಿಪುಡಿ ಮಾತ್ರ ಇವತ್ತಿಗೂ ಮೂಲೆ ಅಂಗಡಿ ಶೆಟ್ಟರ ಹತ್ರ, ಕಣ್ಮುಂದೆ ಪುಡಿ ಮಾಡಿಸಿ, ಚಿಕೋರಿ ಎಷ್ಟು ಅಂತ ನಾನೇ ಹೇಳಿ. ಬಣ್ಣ ಬಿಟ್ಟ ಬೆಡ್‌ಶೀಟು ಸ್ಕೂಟರ್ ಮೇಲೆ ಹೊದಿಸಿದೀನಿ.